ಸಾಸರ್ ಚಹಾ ಮತ್ತು ಚಂಡಮಾರುತ

2017ರ ಸೆಪ್ಟೆಂಬರ್ 10ರಂದು ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಊರಿನ ಬೇಶೋರ್ ರಸ್ತೆಯ ಪಕ್ಕ ಸಮುದ್ರವೇ ಇರಲಿಲ್ಲ. ದಿನಾ ರಸ್ತೆಗೋಡೆಗೆ ಬಡಿಯುತ್ತಿದ್ದ ಕೊಲ್ಲಿ ಅವತ್ತು ನಾಪತ್ತೆ. ಕಣ್ಣು ಹಾಯಿಸಿದಷ್ಟು ದೂರ ಕೆಸರು, ಒದ್ದೆ ಮರಳು. ಜನ ಗೋಡೆ ಇಳಿದರು, ನಾಯಿ ಹಿಡಿದುಕೊಂಡು ಸಮುದ್ರದ ತಳದ ಮೇಲೆ ವಾಕಿಂಗ್ ಹೋದರು, ಸೆಲ್ಫಿ ತೆಗೆದುಕೊಂಡರು. ಇನ್ನೂ ದಕ್ಷಿಣಕ್ಕೆ, ಸರಸೋಟಾ ಕೊಲ್ಲಿಯಲ್ಲಿ, ಎರಡು ಮ್ಯಾನಟೀಗಳು ಕೆಸರಿನಲ್ಲಿ ಸಿಕ್ಕಿಬಿದ್ದಿದ್ದವು. ಎಮ್ಮೆಗಾತ್ರದ, ನೀರೊಳಗಿನ ಹುಲ್ಲು ಮೇಯುವ ಪಾಪದ ಪ್ರಾಣಿ ಅದು. ಅಲ್ಲಿದ್ದವರು ಅವನ್ನು ಟಾರ್ಪಾಲಿನ್ ಮೇಲೆ ಉರುಳಿಸಿ, ಎಳೆದುಕೊಂಡು ಹೋಗಿ ನೀರಿಗೆ ಬಿಟ್ಟರು. ಇರ್ಮಾ ಚಂಡಮಾರುತ ಆಗಿನ್ನೂ ಅಲ್ಲಿಗೆ ಬಂದಿರಲೇ ಇಲ್ಲ.

ನನ್ನ ಜೊತೆ ಓದಿದ ಗೆಳೆಯನೊಬ್ಬ ಟ್ಯಾಂಪಾದ ಹತ್ತಿರವೇ ಇದ್ದಾನೆ. ಕುಂದಾಪುರ ಕಡೆಯವನು, ಮಳೆಗಾಲದ ಕಡಲ್ಕೊರೆತ ನೋಡಿ ಬೆಳೆದವನು. ಆ ಫೋಟೋಗಳನ್ನು ಕಳಿಸಿ, "ಚಂಡಮಾರುತ ಸ್ಟ್ರಾ ಹಾಕಿ ನೀರು ಹೀರಿಬಿಡ್ತಂತೆ ಮಾರಾಯ" ಎಂದು ಬರೆದಿದ್ದ. ಟ್ಯಾಂಪಾಗೆ ಏನೂ ಆಗಲ್ಲ ಎಂದೂ ಸೇರಿಸಿದ್ದ. ಅಲ್ಲಿ ಹಳೇ ನಂಬಿಕೆಯೊಂದಿದೆ. ಟೊಕೊಬಾಗಾ ಎಂಬ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳು ಊರನ್ನು ಕಾಯುತ್ತಿವೆ, ಅದಕ್ಕೇ 1921ರಿಂದ ಈಚೆಗೆ ದೊಡ್ಡ ಚಂಡಮಾರುತ ಯಾವುದೂ ನೇರವಾಗಿ ಬಡಿದಿಲ್ಲ ಅಂತ. ನಮ್ಮೂರಲ್ಲಿ ಮಾರಿಗುಡಿ ಇರುವವರೆಗೆ ಕಾಯಿಲೆ ಬರಲ್ಲ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಸ್ಟ್ರಾ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಚಂಡಮಾರುತದ ನಡುವೆ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಸಮುದ್ರ ಸ್ವಲ್ಪ ಉಬ್ಬುತ್ತದೆ. ಅದು ನಿಜ. ಆದರೆ ಎಷ್ಟು? ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಏರುವುದು ಒಂದು ಸೆಂಟಿಮೀಟರ್. 2022ರ ಇಯಾನ್‌ನಂಥ ಭೂತಾಕಾರದ ಚಂಡಮಾರುತದಲ್ಲೂ ಈ ಲೆಕ್ಕ ಮುಕ್ಕಾಲು ಮೀಟರ್ ಮುಟ್ಟುವುದಿಲ್ಲ. ಫೋರ್ಟ್ ಮಯರ್ಸ್ ಬೀಚಿನಲ್ಲಿ ಅವತ್ತು ನೆಲದಿಂದ ಮೇಲಕ್ಕೆ ಬಂದ ನೀರು ಸುಮಾರು 15 ಅಡಿ. ಉಳಿದದ್ದನ್ನು ತಂದವರು ಯಾರು?

ಬರೀ ಗಾಳಿ. ನೀರನ್ನು ತಳ್ಳಿ ತಳ್ಳಿ ತಂದದ್ದು.

ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಒಂದು ಲೋಟದ ತುಂಬ ಚಹಾ, ಒಂದು ಸಾಸರ್‌ನಲ್ಲಿ ಚಹಾ. ಎರಡಕ್ಕೂ ಊದಿ. ಲೋಟದಲ್ಲಿ ಮೇಲ್ಮೈ ನಡುಗುತ್ತದೆ ಅಷ್ಟೇ. ಸಾಸರ್‌ನಲ್ಲಿ ಚಹಾ ಆ ಕಡೆಯ ಅಂಚಿಗೆ ಹೋಗಿ, ಜೋರಾಗಿ ಊದಿದರೆ ಅಂಗಿಯ ಮೇಲೇ ಬೀಳುತ್ತದೆ. ಯಾಕೆ? ಲೋಟದಲ್ಲಿ ಮೇಲಿನ ಪದರ ಮುಂದೆ ಹೋದರೆ ಅಷ್ಟೇ ಚಹಾ ಅಡಿಯಿಂದ ಹಿಂದಕ್ಕೆ ಬರಲು ಜಾಗ ಇದೆ. ಸಾಸರ್‌ನಲ್ಲಿ ಅಡಿಯೇ ಇಲ್ಲ. ಹಿಂದಿನಿಂದ ನೂಕು, ಮುಂದೆ ಗೋಡೆ, ಕೆಳಗೆ ದಾರಿ ಇಲ್ಲ, ಉಳಿದದ್ದು ಮೇಲಕ್ಕೆ ಏರುವುದೊಂದೇ. ಬೆಳಗಿನ ಸಿಟಿ ಬಸ್ಸಿನಲ್ಲಿ ಹಿಂದಿನಿಂದ ಹತ್ತಿದವರು ನೂಕುತ್ತಾರೆ, ಮುಂದಿನ ಬಾಗಿಲು ತೆಗೆದಿರುವುದಿಲ್ಲ, ಆಗ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಜನ ಹತ್ತಿ ಕೂರುತ್ತಾರಲ್ಲ, ಹಾಗೆ. ಅಂಗಳದಲ್ಲಿ ನಿಂತ ಮಳೆನೀರನ್ನು ಪೊರಕೆಯಲ್ಲಿ ತಳ್ಳಿದಾಗ ಹೊಸ್ತಿಲ ಹತ್ತಿರ ಗುಡ್ಡೆಯಾಗುತ್ತದಲ್ಲ, ಹಾಗೆ.

ಫ್ಲಾರಿಡಾದ ಪಶ್ಚಿಮ ಕರಾವಳಿ ಒಂದು ದೊಡ್ಡ ಸಾಸರ್. ದಡದಿಂದ 150 ಕಿ.ಮೀ. ಒಳಗೆ ಹೋದರೂ ಆಳ 100 ಮೀಟರ್ ದಾಟುವುದಿಲ್ಲ. ನಮ್ಮ ಬಂಗಾಳ ಕೊಲ್ಲಿಯ ತುದಿಯೂ ಇಂಥದ್ದೇ, ಸಾಲದ್ದಕ್ಕೆ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುತ್ತದೆ. 1970ರ ಭೋಲಾ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಬಡತನ ಎಷ್ಟು ಕಾರಣವೋ ಈ ಆಳವಿಲ್ಲದ ತಳವೂ ಅಷ್ಟೇ ಕಾರಣ.

ಈ ವಿಷಯವನ್ನು ಪೂರ್ತಿ ತಲೆಕೆಳಗಾಗಿ ಅರ್ಥ ಮಾಡಿಕೊಂಡವನೊಬ್ಬನಿದ್ದ, ಅವನ ಕಥೆ ಹೇಳದೆ ಮುಂದೆ ಹೋಗಲಾರೆ. ಐಸಾಕ್ ಕ್ಲೈನ್, ಟೆಕ್ಸಸ್‌ನ ಗ್ಯಾಲ್ವೆಸ್ಟನ್ ದ್ವೀಪನಗರದ ಹವಾಮಾನ ಅಧಿಕಾರಿ. 1891ರಲ್ಲಿ ಪತ್ರಿಕೆಯಲ್ಲಿ ಬರೆದ. ಚಂಡಮಾರುತದಿಂದ ಈ ಊರಿಗೆ ದೊಡ್ಡ ಹಾನಿ ಆಗುತ್ತದೆ ಎನ್ನುವುದು ಹುಚ್ಚು ಭ್ರಮೆ, ಇಲ್ಲಿ ಸಮುದ್ರದ ತಳ ಮೆಲ್ಲಗೆ ಇಳಿಜಾರು, ಅಲೆಗಳು ದೂರದಲ್ಲೇ ಮುರಿದುಹೋಗುತ್ತವೆ ಎಂದ. ಅಲೆಗಳ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಚಂಡಮಾರುತದ ನೀರು ಅಲೆ ಅಲ್ಲ, ಸಮುದ್ರದ ಮಟ್ಟವೇ ಎದ್ದು ಬರುವುದು. ಅಲೆ ಮುರಿಯುವ ತಳವೇ ಮಟ್ಟ ಏರಿಸುವ ತಳ. ಊರಿಗೆ ತಡೆಗೋಡೆ ಬೇಕು ಎನ್ನುತ್ತಿದ್ದವರ ಬಾಯಿ ಕಟ್ಟಿತು.

1900ರ ಸೆಪ್ಟೆಂಬರ್ 8. ಊರಿನ ಅತಿ ಎತ್ತರದ ಜಾಗ ಒಂಬತ್ತು ಅಡಿಯೂ ಇರಲಿಲ್ಲ, ನೀರು ಬಂದದ್ದು 15 ಅಡಿಗೂ ಮೇಲೆ. ಗಟ್ಟಿಮುಟ್ಟು ಅಂತ ಕ್ಲೈನ್‌ನ ಮನೆಯಲ್ಲಿ ಸುಮಾರು ಐವತ್ತು ಜನ ಸೇರಿಕೊಂಡಿದ್ದರು. ಸಂಜೆ ಏಳೂವರೆ ಹೊತ್ತಿಗೆ ಅವನು ಅರ್ಧ ತೆರೆದ ಮುಂಬಾಗಿಲಲ್ಲಿ ನಿಂತಿದ್ದ, ಮನೆಯೊಳಗೆ ಎಂಟು ಅಂಗುಲ ನೀರಿತ್ತು. ನಿಂತಲ್ಲಿಂದ ಕಾಲು ಕದಲಿಸುವುದರೊಳಗೆ, ನಾಲ್ಕು ಸೆಕೆಂಡಿನಲ್ಲಿ ನಾಲ್ಕು ಅಡಿ ಏರಿ ಸೊಂಟ ದಾಟಿತು ಎಂದು ಆಮೇಲೆ ಇಲಾಖೆಗೆ ಕೊಟ್ಟ ವರದಿಯಲ್ಲಿ ಅವನೇ ಬರೆದಿದ್ದಾನೆ. ಮನೆ ಕುಸಿಯಿತು. ಉಳಿದವರು ಹದಿನೆಂಟು ಜನ, ಅವರಲ್ಲಿ ಅವನ ಹೆಂಡತಿ ಇರಲಿಲ್ಲ. ಊರಲ್ಲಿ ಸತ್ತವರು ಸುಮಾರು 8,000. ಆಮೇಲೆ 17 ಅಡಿಯ ಗೋಡೆ ಕಟ್ಟಿದರು, ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಕೊಟ್ಟು ಎತ್ತಿ ಅಡಿಗೆ ಮರಳು ತುಂಬಿದರು. ಕ್ಲೈನ್ ಮುಂದೆ ವರ್ಷಗಟ್ಟಲೆ ಇದೇ ನೀರಿನ ಏರಿಕೆಯನ್ನು ಅಭ್ಯಾಸ ಮಾಡಿದ.

ಇಷ್ಟಾದರೂ ಜನ ಕೇಳುವ ಮೊದಲ ಪ್ರಶ್ನೆ ಇವತ್ತಿಗೂ "ಕ್ಯಾಟಗರಿ ಎಷ್ಟು?" ನನಗೆ ಇದನ್ನು ಕೇಳಿದರೆ ಸಿಟ್ಟು ಬರುತ್ತದೆ. ಒಂದರಿಂದ ಐದರವರೆಗಿನ ಆ ಸಂಖ್ಯೆ ಗಾಳಿಯ ವೇಗಕ್ಕೆ ಮಾತ್ರ. ನೀರಿನ ಅಂದಾಜನ್ನು 2010ರಲ್ಲೇ ಅದರಿಂದ ತೆಗೆದುಹಾಕಿದ್ದಾರೆ. 2004ರ ಚಾರ್ಲಿ, 2022ರ ಇಯಾನ್ ಎರಡೂ ಕ್ಯಾಟಗರಿ 4, ಎರಡೂ ಕಾಯೊ ಕೋಸ್ಟಾ ಎಂಬ ಒಂದೇ ದ್ವೀಪದಲ್ಲಿ ದಡ ಹತ್ತಿದವು, ಎರಡರ ವೇಗವೂ ಗಂಟೆಗೆ 240 ಕಿ.ಮೀ. ಆದರೆ ಚಾರ್ಲಿ ತಂದ ನೀರು ಆರೇಳು ಅಡಿ. ಚಾರ್ಲಿ ಕೈಪೊರಕೆ, ಇಯಾನ್ ಅಂಗಳದಗಲದ ಹಲಗೆ. ಎಷ್ಟು ಅಗಲ, ಎಷ್ಟು ಹೊತ್ತು ತಳ್ಳಿತು ಎನ್ನುವುದು ವೇಗದಷ್ಟೇ ಮುಖ್ಯ. "ಚಾರ್ಲಿಯನ್ನೇ ನೋಡಿದ್ದೀವಿ, ಇದೇನು ಮಹಾ" ಎಂದು ಮನೆಯಲ್ಲೇ ಕೂತವರಿದ್ದರು. ಮಿಸಿಸಿಪ್ಪಿ ಕರಾವಳಿಯಲ್ಲಿ ಒಂದು ಮಾತೇ ಇದೆ: ಕಮೀಲ್ ಚಂಡಮಾರುತ 1969ಕ್ಕಿಂತ 2005ರಲ್ಲಿ ಜಾಸ್ತಿ ಜನರನ್ನು ಕೊಂದಿತು ಅಂತ. ಕಮೀಲ್‌ನಲ್ಲಿ ಬಚಾವಾದವರು ಅದೇ ಧೈರ್ಯದಲ್ಲಿ ಕತ್ರಿನಾಗೆ ಮನೆ ಬಿಡಲಿಲ್ಲ. ಕತ್ರಿನಾ ಬರೀ ಕ್ಯಾಟಗರಿ 3, ತಂದ ನೀರು 28 ಅಡಿ.

ಈಗ ಟ್ಯಾಂಪಾದ ಖಾಲಿ ಕೊಲ್ಲಿಗೆ ಬರೋಣ. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿರುವ ದಡದಲ್ಲಿ ಅದರ ಕಣ್ಣು, ಅಂದರೆ ನಟ್ಟನಡುವಿನ ಭಾಗ, ನಿಮ್ಮ ಊರಿಗಿಂತ ಉತ್ತರಕ್ಕೆ ಹೋದರೆ ಗಾಳಿ ಸಮುದ್ರವನ್ನು ಮನೆಗೆ ತರುತ್ತದೆ. ದಕ್ಷಿಣಕ್ಕೆ ಹೋದರೆ ಗಾಳಿ ನೆಲದ ಕಡೆಯಿಂದ ಬೀಸಿ ಸಮುದ್ರವನ್ನು ಹೊರಗೆ ಗುಡಿಸುತ್ತದೆ. ಅದೇ ಸಾಸರ್, ಈ ಕಡೆಯಿಂದ ಊದಿದ್ದು ಅಷ್ಟೇ. ಇರ್ಮಾ, ಇಯಾನ್ ಎರಡೂ ಕೊಲ್ಲಿಯನ್ನು ಖಾಲಿ ಮಾಡಿದ್ದು ಹೀಗೆ. ದಿಬ್ಬದ ಮಹಿಮೆ ಅಲ್ಲ. (2021ರಲ್ಲಿ ತೌಕ್ತೆ ನಮ್ಮ ಕರಾವಳಿಯ ಹೊರಗೇ ಉತ್ತರಕ್ಕೆ ಹಾದುಹೋದರೂ ಉಳ್ಳಾಲದ ಕಡೆ ಮನೆಗಳಿಗೆ ಸಮುದ್ರ ನುಗ್ಗಿತ್ತು.)

2024ರ ಸೆಪ್ಟೆಂಬರ್ 26ರಂದು ಹೆಲೀನ್ ಬಂತು. ಟ್ಯಾಂಪಾದಿಂದ 150 ಕಿ.ಮೀ.ಗೂ ದೂರದಲ್ಲಿ, ಸಮುದ್ರದ ಮೇಲೇ ಹಾದು ಉತ್ತರಕ್ಕೆ ಹೋಯಿತು. ಗಾಳಿ ಅಷ್ಟೇನೂ ಇರಲಿಲ್ಲ. ಕೊಲ್ಲಿಯ ದಡದ ಮನೆಗಳಿಗೆ ಮಾತ್ರ ರಾತ್ರೋರಾತ್ರಿ ಆರು ಅಡಿ ಉಪ್ಪುನೀರು. ಹತ್ತಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಗೆಳೆಯನ ಬೀದಿಯಲ್ಲಿ ಮಾರನೇ ದಿನ ಒದ್ದೆ ಹಾಸಿಗೆ, ಸೋಫಾ, ಗೋಡೆಯಿಂದ ಕಿತ್ತ ಹಲಗೆಗಳು ಆಳೆತ್ತರ ರಾಶಿ ಬಿದ್ದಿದ್ದವು. ಆ ರಾಶಿ ಎತ್ತುವ ಮೊದಲೇ, ಎರಡು ವಾರಕ್ಕೆ, ಮಿಲ್ಟನ್ ಹೊರಟಿತು.

ಅಲ್ಲಿ ಅಧಿಕಾರಿಗಳು ಹೇಳುವ ಮಾತೊಂದು ನನಗೆ ಹಿಡಿಸಿದೆ: ಗಾಳಿಯಿಂದ ಅವಿತುಕೊಳ್ಳಿ, ನೀರಿನಿಂದ ಓಡಿ. ಊರನ್ನು ಎ, ಬಿ, ಸಿ ಎಂದು ವಲಯ ಮಾಡಿರುವುದು ನೀರಿನ ಲೆಕ್ಕದಲ್ಲಿ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಚಂಡಮಾರುತಕ್ಕೆ ನೇರವಾಗಿ ಬಲಿಯಾದ ಹತ್ತು ಜನರಲ್ಲಿ ಒಂಬತ್ತು ಜನ ನೀರಿಗೆ ಸಿಕ್ಕಿ ಸತ್ತವರು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ, ಆರು ಅಂಗುಲ ಹರಿಯುವ ನೀರು ಆಳನ್ನು ಬೀಳಿಸುತ್ತದೆ. ಆದರೂ ಜನ ಮಾಡುವುದು ಏನು? ಕಿಟಕಿ ಗಾಜಿಗೆ ಗುಣಾಕಾರ ಚಿಹ್ನೆಯಲ್ಲಿ ಟೇಪ್ ಅಂಟಿಸುವುದು! ಅದರಿಂದ ಗಾಜು ಒಡೆಯುವುದು ತಪ್ಪಲ್ಲ, ಒಡೆದಾಗ ಚೂರುಗಳು ಇನ್ನೂ ದೊಡ್ಡದಾಗಿ ಬರಬಹುದು ಅಷ್ಟೇ. ಪ್ಲೈವುಡ್ ಹೊಡೆಯಬೇಕು, ಇಲ್ಲ ಶಟರ್ ಹಾಕಬೇಕು. ಒಳಗಿನ ಒತ್ತಡ ಸರಿಹೋಗಲಿ ಅಂತ ಕಿಟಕಿ ತೆರೆದಿಡುವವರು ಬೇರೆ. ಗಾಳಿ ಒಳಗೆ ಬಂದರೆ ಚಾವಣಿಯನ್ನು ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಹೊರಗಿನ ಗಾಳಿ ಹೀರುತ್ತಿರುತ್ತದೆ, ಡಬ್ಬದ ಮುಚ್ಚಳ ಹೋದ ಹಾಗೆ ಹೋಗುತ್ತದೆ. ಇನ್ನು ಅಂಗಡಿ ಖಾಲಿ ಮಾಡುವುದು ಬಿಡಿ, ಚಾರ್ಲಿ ಸಮಯದ ಬಿಲ್‌ಗಳನ್ನು ವಾಲ್‌ಮಾರ್ಟ್‌ನವರು ತೆಗೆದು ನೋಡಿದರೆ ಸ್ಟ್ರಾಬೆರಿ ಪಾಪ್‌ಟಾರ್ಟ್ ಎಂಬ ಪ್ಯಾಕೆಟ್ ಸಿಹಿತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೋಗಿತ್ತಂತೆ. ಅದರಲ್ಲಿ ತಪ್ಪೇನಿಲ್ಲ, ಕರೆಂಟ್ ಇಲ್ಲದಿದ್ದರೂ ತಿನ್ನಬಹುದು. ನ್ಯೂ ಆರ್ಲಿಯನ್ಸ್‌ನಲ್ಲಿ ಹಳಬರು ಅಟ್ಟದಲ್ಲಿ ಕೊಡಲಿ ಇಟ್ಟುಕೊಳ್ಳುತ್ತಾರೆ, ನೀರು ಅಟ್ಟಕ್ಕೂ ಬಂದರೆ ಚಾವಣಿ ಒಡೆದು ಹೊರಬರಲು. 2017ರಲ್ಲಿ ಹಾರ್ವೆ ಬರುವಾಗ ಟೆಕ್ಸಸ್‌ನ ರಾಕ್‌ಪೋರ್ಟ್‌ನಲ್ಲಿ, ಹೋಗಲ್ಲ ಎಂದು ಹಠ ಹಿಡಿದವರಿಗೆ ತೋಳಿನ ಮೇಲೆ ಮಾರ್ಕರ್‌ನಿಂದ ಹೆಸರು ಬರೆದುಕೊಳ್ಳಿ ಎಂದರು. ಗುರುತು ಹಿಡಿಯಲಿಕ್ಕೆ.

ಗೆಳೆಯನದು ಎ ವಲಯ, ನೀರು ಮೊದಲು ನುಗ್ಗುವ ಜಾಗ. ಈ ಸಲ ಮಾತಾಡದೆ ಹೊರಟ. ಕಾರಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಪಾಸ್‌ಪೋರ್ಟ್, ಅವಲಕ್ಕಿ, ಅಮ್ಮನ ಫೋಟೋ. ಟ್ಯಾಂಪಾದ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ, ಆ ವಲಯಗಳಲ್ಲಿ ಉಳಿದರೆ ಸಾಯುತ್ತೀರಿ ಎಂದು ನೇರವಾಗಿ ಹೇಳಿದ್ದರು. ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ದಡ ಹತ್ತಿದ್ದು ದಕ್ಷಿಣದ ಸಿಯೆಸ್ಟಾ ಕೀ ಹತ್ತಿರ. ಟ್ಯಾಂಪಾ ಕೊಲ್ಲಿ ಮತ್ತೆ ಇಳಿಯಿತು, ಸುಮಾರು ಐದು ಅಡಿ. ಸಿಯೆಸ್ಟಾದಿಂದ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಎದುರು ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 45 ಸೆಂ.ಮೀ. ಮಳೆ, ಬೇಸ್‌ಬಾಲ್ ಕ್ರೀಡಾಂಗಣದ ಚಾವಣಿ ಚಿಂದಿ. "ನೋಡಿದ್ಯಾ, ದಿಬ್ಬ" ಎಂದು ಅವನ ಪಕ್ಕದ ಮನೆಯವನು ಮೆಸೇಜ್ ಹಾಕಿದನಂತೆ. ಕಣ್ಣು ಇನ್ನು ಸ್ವಲ್ಪ ಉತ್ತರಕ್ಕೆ ವಾಲಿದ್ದರೆ ಮೇಯರ್ ಹೇಳಿದ್ದೇ ಆಗುತ್ತಿತ್ತು. ಆದರೆ ಬಾರದ ನೀರನ್ನು ತೋರಿಸಿ ಯಾರಿಗೆ ವಾದಿಸುವುದು?

ಹೊರಡುವ ಮುಂಚೆ ಗೆಳೆಯ ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಟ್ಟು ಹೋಗಿದ್ದ. ಅಲ್ಲಿ ಎಲ್ಲರೂ ಮಾಡುತ್ತಾರೆ. ವಾಪಸು ಬಂದಾಗ ಫ್ರೀಜರ್ ಓಡುತ್ತಿದ್ದರೂ ಮಧ್ಯೆ ಎಷ್ಟು ಹೊತ್ತು ಕರೆಂಟ್ ಹೋಗಿತ್ತು ಎಂದು ನಾಣ್ಯ ಹೇಳುತ್ತದೆ. ನಾಲ್ಕನೇ ದಿನ ಬಂದು ತೆರೆದ. ನೀರು ಮತ್ತೆ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು, ನಾಣ್ಯ ಲೋಟದ ತಳದಲ್ಲಿತ್ತು. ತುರಿದಿಟ್ಟ ತೆಂಗಿನಕಾಯಿ, ಹೆಚ್ಚಿಟ್ಟ ಹಲಸು, ಮೀನು, ಎಲ್ಲ ಎತ್ತಿ ಕಸಕ್ಕೆ ಹಾಕಿದ.