ಖಿನ್ನತೆ ಕಳೆದ ಮೇಲೆ ಮಿದುಳು

ಖಿನ್ನತೆಯಿಂದ ಹೊರಬಂದವರು ಗುಣವಾಗಿದ್ದಾರೆಂದು ವೈದ್ಯರು ತೀರ್ಮಾನಿಸುವುದು ಬಹುಮಟ್ಟಿಗೆ ಅವರ ಮಾತನ್ನು ಕೇಳಿಯೇ. ನಿದ್ದೆ, ಹಸಿವು, ಕೆಲಸದಲ್ಲಿನ ಆಸಕ್ತಿ, ಅಪರಾಧಿ ಭಾವ, ಸಾವಿನ ಯೋಚನೆ ಇವನ್ನೆಲ್ಲ ಒಂದೊಂದಾಗಿ ವಿಚಾರಿಸಿ ಅಂಕ ಹಾಕುವ ಮಾಪನಗಳಿವೆ. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರೂಪಿಸಿದ ಮಾಪನ ಇಂದಿಗೂ ಬಳಕೆಯಲ್ಲಿದ್ದು, ಅದರ 17 ಅಂಶಗಳ ಆವೃತ್ತಿಯಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ರೋಗ ಉಪಶಮನಗೊಂಡಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ಒಮ್ಮೆ ತೀವ್ರ ಖಿನ್ನತೆ ಬಂದುಹೋದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮತ್ತೆ ಬರುತ್ತದೆ ಮತ್ತು ಹಾಗೆ ಮರುಕಳಿಸಿದಂತೆಲ್ಲ ಮುಂದೆ ಇನ್ನೊಮ್ಮೆ ಬರುವ ಸಾಧ್ಯತೆಯೂ ಏರುತ್ತ ಹೋಗುತ್ತದೆ. ಮಾಪನದ ಪ್ರಕಾರ ಆರೋಗ್ಯವಂತರೇ ಆಗಿರುವ ಈ ಜನರ ಮಿದುಳಿನಲ್ಲಿ ಏನಾದರೂ ವ್ಯತ್ಯಾಸ ಉಳಿದುಕೊಂಡಿರುತ್ತದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದಲೇ.

ಉತ್ತರ ಹುಡುಕಲು ಹೊರಟವರಿಗೆ ಬೇಗನೆ ಹೊಳೆದ ಸಂಗತಿಯೆಂದರೆ, ಮಿದುಳು ಸುಮ್ಮನಿರುವಾಗ ತೆಗೆದ ಚಿತ್ರವೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ ಎಂಬುದು. ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಏನೂ ಕಾಣದ ಹೃದಯದ ತೊಂದರೆ ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ಬಯಲಾಗುವಂತೆ, ಇಲ್ಲಿಯೂ ಮಿದುಳಿಗೆ ಒಂದಿಷ್ಟು ಕೆಲಸ ಕೊಟ್ಟು ನೋಡಬೇಕು. ಆ ಕೆಲಸವೆಂದರೆ ಕೆಲವೇ ನಿಮಿಷಗಳ ದುಃಖ.

ಹೆಲೆನ್ ಮೇಬರ್ಗ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ತಮ್ಮ ಬದುಕಿನ ದುಃಖದ ಘಟನೆಯೊಂದನ್ನು ನೆನೆಯಲು ಹೇಳಿ, ಅದೇ ವೇಳೆಗೆ ಪಿಇಟಿ ಸ್ಕ್ಯಾನ್ ಮೂಲಕ ಮಿದುಳಿನ ರಕ್ತಸಂಚಾರವನ್ನು ಅಳೆಯಲಾಯಿತು. ಮಿದುಳಿನ ಎರಡು ಅರೆಗೋಳಗಳನ್ನು ಬೆಸೆಯುವ ನರತಂತುಗಳ ಪಟ್ಟಿಯ ಮುಂಬದಿಯಲ್ಲಿ, ಅದರ ಕೆಳಗೆ ಅಡಗಿರುವ ‘ಪ್ರದೇಶ 25’ ಎಂಬ ಪುಟ್ಟ ಭಾಗದಲ್ಲಿ ಚಟುವಟಿಕೆ ಏರಿತು. ಗಮನ ಮತ್ತು ಯೋಜನೆಗೆ ಬೇಕಾದ ಮುಂಭಾಗದ ತೊಗಟೆಯಲ್ಲಿ, ಎಂದರೆ ಮಿದುಳಿನ ಹೊರಪದರದ ಮುಂಭಾಗದಲ್ಲಿ, ಇಳಿಯಿತು. ಔಷಧದಿಂದ ಖಿನ್ನತೆ ಗುಣವಾದ ರೋಗಿಗಳಲ್ಲಿ ಇದರ ತಿರುಗುಮುರುಗು ಕಂಡುಬಂತು, ಎಂದರೆ ಪ್ರದೇಶ 25 ಶಾಂತವಾಗಿ ಮುಂಭಾಗದ ತೊಗಟೆ ಚುರುಕಾಗಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ, ಗುಣವಾಗುವುದೆಂದರೆ ತಕ್ಕಡಿ ಮೊದಲಿನ ಸ್ಥಿತಿಗೆ ಮರಳುವುದು ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು.

ಅವರು ನಿಲ್ಲಿಸಲಿಲ್ಲ. ಪೂರ್ತಿ ಚೇತರಿಸಿಕೊಂಡವರನ್ನು ಕರೆದು ಅದೇ ದುಃಖದ ಪರೀಕ್ಷೆಗೆ ಒಡ್ಡಿದ ಅಧ್ಯಯನ 2002ರಲ್ಲಿ ಮಾರಿಯೊ ಲಿಯೊಟ್ಟಿ ಅವರ ನೇತೃತ್ವದಲ್ಲಿ ಹೊರಬಂತು. ದುಃಖವನ್ನು ನೆನೆದಾಗ ಇವರ ಕಣ್ಣುಗುಳಿಗಳ ಮೇಲ್ಭಾಗದ ತೊಗಟೆಯ ಒಳಮಗ್ಗುಲಲ್ಲಿ ರಕ್ತಸಂಚಾರ ಕುಸಿಯಿತು. ಎಂದೂ ಖಿನ್ನತೆ ಬಾರದವರಲ್ಲಿ ಈ ಕುಸಿತ ಕಾಣಲಿಲ್ಲ; ಆಗಿನ್ನೂ ಖಿನ್ನತೆಯಲ್ಲಿದ್ದ ರೋಗಿಗಳಲ್ಲಿ ಮಾತ್ರ ಅಂಥದ್ದೇ ಕುಸಿತವಿತ್ತು. ಗುಣವಾದವರು ಕೆಲವು ನಿಮಿಷಗಳ ಮಟ್ಟಿಗೆ ರೋಗಿಗಳನ್ನೇ ಹೋಲುತ್ತಿದ್ದರು.

ದುಃಖದ ನೆನಪು ಒಬ್ಬೊಬ್ಬರದು ಒಂದೊಂದು ತೂಕದ್ದು, ಹಾಗಾಗಿ ಹೋಲಿಕೆ ಕಷ್ಟ ಎಂದು ಆಕ್ಷೇಪಿಸುವುದು ಸಾಧ್ಯ. ಹಾರ್ವರ್ಡ್‌ನ ಜಿಲ್ ಹೂಲಿ ಅವರ ಗುಂಪು ಹಿಡಿದ ದಾರಿ ಇನ್ನಷ್ಟು ಜಾಣತನದ್ದು, ಸ್ವಲ್ಪ ನಿರ್ದಯವಾದದ್ದೂ ಹೌದೇನೋ. ಭಾಗವಹಿಸುವವರ ಸ್ವಂತ ತಾಯಂದಿರಿಂದಲೇ ಮೆಚ್ಚುಗೆಯ ಮಾತುಗಳನ್ನೂ ಟೀಕೆಯ ಮಾತುಗಳನ್ನೂ ಧ್ವನಿಮುದ್ರಿಸಿಕೊಂಡು, ಮಕ್ಕಳು ಎಂಆರ್‌ಐ ಯಂತ್ರದೊಳಗೆ ಮಲಗಿರುವಾಗ ತಲಾ ಅರ್ಧ ನಿಮಿಷದ ಆ ತುಣುಕುಗಳನ್ನು ಕೇಳಿಸಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಿಂದೊಮ್ಮೆ ಖಿನ್ನತೆಗೆ ಒಳಗಾಗಿ ಈಗ ಸಂಪೂರ್ಣ ಗುಣವಾಗಿದ್ದವರು ತಾಯಿಯ ಟೀಕೆ ಕೇಳಿದಾಗ, ಬೆದರಿಕೆಯನ್ನು ಗುರುತಿಸುವ ಅಮಿಗ್ಡಲಾ ಆರೋಗ್ಯವಂತರದಕ್ಕಿಂತ ಹೆಚ್ಚು ಕೆರಳಿತು, ಅದನ್ನು ಹತೋಟಿಯಲ್ಲಿಡಲು ನೆರವಾಗುವ ಮುಂಭಾಗದ ತೊಗಟೆ ಅಷ್ಟಾಗಿ ಏಳಲಿಲ್ಲ.

ನೋವಿನ ವಿಷಯ ಹಾಗಿರಲಿ, ಸುಖದ ಕತೆಯೇನು? ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು ದುಗುಡವಾದರೆ, ಇನ್ನೊಂದು ಯಾವುದರಲ್ಲೂ ರುಚಿ ಕಾಣದಿರುವುದು. ಆಕ್ಸ್‌ಫರ್ಡ್‌ನಲ್ಲಿ ಸಿಯಾರಾ ಮೆಕೇಬ್, ಫಿಲಿಪ್ ಕೋವೆನ್ ಮತ್ತು ಕ್ಯಾಥರೀನ್ ಹಾರ್ಮರ್ ನಡೆಸಿದ ಪ್ರಯೋಗ ನನಗೆ ಈ ಕ್ಷೇತ್ರದಲ್ಲೇ ಅತ್ಯಂತ ಕುತೂಹಲದ್ದೆನಿಸುತ್ತದೆ. ಚೇತರಿಸಿಕೊಂಡು ಔಷಧವನ್ನೂ ಬಿಟ್ಟಿದ್ದವರಿಗೆ ಸ್ಕ್ಯಾನರ್‌ನೊಳಗೆ ಚಾಕೊಲೇಟಿನ ಚಿತ್ರ ತೋರಿಸಿ, ದ್ರವ ಚಾಕೊಲೇಟನ್ನು ನಾಲಗೆಗೆ ತಲುಪಿಸಲಾಯಿತು. ಅದಕ್ಕೆ ಎದುರಾಗಿ ಬೂಸ್ಟು ಹಿಡಿದ ಸ್ಟ್ರಾಬೆರಿಯ ಚಿತ್ರದ ಜೊತೆ ಅಹಿತಕರವಾದ ರುಚಿಯೊಂದನ್ನೂ ಕೊಡಲಾಯಿತು. ಎಷ್ಟು ಇಷ್ಟವಾಯಿತು, ಇನ್ನೂ ಬೇಕೆನಿಸುತ್ತದೆಯೇ ಎಂದು ಕೇಳಿದರೆ ಅವರು ಕೊಟ್ಟ ಅಂಕಗಳಿಗೂ ಎಂದೂ ಖಿನ್ನತೆ ಕಾಣದವರು ಕೊಟ್ಟ ಅಂಕಗಳಿಗೂ ವ್ಯತ್ಯಾಸವಿರಲಿಲ್ಲ. ಹಾಗಿದ್ದೂ ಮಿದುಳಿನ ಆಳದಲ್ಲಿ ಸುಖದ ನಿರೀಕ್ಷೆಗೆ ಸ್ಪಂದಿಸುವ ಭಾಗ ಚಾಕೊಲೇಟಿಗೆ ಮಂದವಾಗಿ ಪ್ರತಿಕ್ರಿಯಿಸಿತು, ಅಹಿತಕರ ಪ್ರಚೋದನೆಗೆ ಅದರ ಆಸುಪಾಸಿನ ಇನ್ನೊಂದು ಭಾಗ ಹೆಚ್ಚಾಗಿ ಮಿಡಿಯಿತು. ಬಾಯಿ ಇಷ್ಟವಾಯಿತು ಎನ್ನುತ್ತದೆ, ಅದು ಸುಳ್ಳೂ ಅಲ್ಲ. ಮಿದುಳು ಅದೇ ಉತ್ತರವನ್ನು ಬೇರೆ ದಾರಿಯಿಂದ ತಲುಪಿರಬಹುದು. ಪ್ರಶ್ನಾವಳಿಯನ್ನಷ್ಟೇ ನಂಬಿ ಕುಳಿತವರಿಗೆ ಈ ಸೂಕ್ಷ್ಮ ಎಂದೂ ಸಿಗುತ್ತಿರಲಿಲ್ಲ.

ರಸಾಯನದ ಮಟ್ಟದಲ್ಲಿ ಕೆಣಕಿ ನೋಡಿದವರೂ ಇದ್ದಾರೆ. ಮನಃಸ್ಥಿತಿಯೊಂದಿಗೆ ನಂಟುಳ್ಳ, ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ದೇಹ ತಯಾರಿಸುವುದು ಆಹಾರದಿಂದ ಸಿಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ. ಅದೊಂದನ್ನು ಬಿಟ್ಟು ಉಳಿದ ಅಮೈನೊ ಆಮ್ಲಗಳಿರುವ ಪಾನೀಯ ಕುಡಿಸಿದರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿನ ಟ್ರಿಪ್ಟೊಫ್ಯಾನ್ ಮಟ್ಟ ಕುಸಿಯುತ್ತದೆ. 1997ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಪದೇ ಪದೇ ಖಿನ್ನತೆ ಬಂದು ಗುಣವಾಗಿ ಔಷಧ ನಿಲ್ಲಿಸಿದ್ದ 15 ಮಹಿಳೆಯರ ಪೈಕಿ 10 ಮಂದಿಯಲ್ಲಿ ಇದರಿಂದ ಖಿನ್ನತೆಯ ಲಕ್ಷಣಗಳು ತಾತ್ಕಾಲಿಕವಾಗಿ ಮರಳಿದವು. ಟ್ರಿಪ್ಟೊಫ್ಯಾನ್ ಇದ್ದ ಪಾನೀಯ ಕುಡಿದಾಗ ಏನೂ ಆಗಲಿಲ್ಲ. ಖಿನ್ನತೆಯ ಇತಿಹಾಸವೇ ಇಲ್ಲದ ಬಹುತೇಕ ಜನರಲ್ಲಿ ಈ ಪಾನೀಯ ಅಂಥ ಪರಿಣಾಮ ಬೀರುವುದಿಲ್ಲ. 2004ರಲ್ಲಿ ಅಲೆಕ್ಸಾಂಡರ್ ನ್ಯೂಮೈಸ್ಟರ್ ಮತ್ತು ಸಂಗಡಿಗರು ಇದೇ ವಿಧಾನವನ್ನು ಸ್ಕ್ಯಾನಿನೊಂದಿಗೆ ಸೇರಿಸಿದಾಗ, ಚೇತರಿಸಿಕೊಂಡವರ ಮಿದುಳಿನ ಭಾವನೆಗೆ ಸಂಬಂಧಿಸಿದ ಹಲವು ಭಾಗಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸತೊಡಗಿದವು, ಆರೋಗ್ಯವಂತರಲ್ಲಿ ಹಾಗಾಗಲಿಲ್ಲ. ಇದರಿಂದ ಖಿನ್ನತೆಯೆಂದರೆ ಸೆರೊಟೋನಿನ್ ಕೊರತೆ ಎಂಬ ಸರಳ ತೀರ್ಮಾನಕ್ಕೆ ಹಾರುವಂತಿಲ್ಲ. ಹಾಗಿದ್ದಿದ್ದರೆ ಆ ಪಾನೀಯ ಎಲ್ಲರನ್ನೂ ಕುಗ್ಗಿಸಬೇಕಿತ್ತು.

ಇಷ್ಟೆಲ್ಲ ಕಂಡ ಮೇಲೆ ಏಳುವ ಕಠಿಣ ಪ್ರಶ್ನೆ, ಈ ವ್ಯತ್ಯಾಸ ರೋಗ ಬಿಟ್ಟುಹೋದ ಗುರುತೋ ಅಥವಾ ರೋಗಕ್ಕೂ ಮೊದಲೇ ಇದ್ದದ್ದೋ ಎಂಬುದು. ಎರಡಕ್ಕೂ ಸಾಕ್ಷ್ಯವಿದೆ. ಸ್ಟ್ಯಾನ್‌ಫರ್ಡ್‌ನ ಇಯನ್ ಗಾಟ್ಲಿಬ್ ಅವರ ಗುಂಪು ಖಿನ್ನತೆಯ ಇತಿಹಾಸವುಳ್ಳ ತಾಯಂದಿರ ಹೆಣ್ಣುಮಕ್ಕಳನ್ನು, ಅವರಿಗೆ ಇನ್ನೂ ಖಿನ್ನತೆ ಬಂದೇ ಇಲ್ಲದ ಎಳೆಯ ವಯಸ್ಸಿನಲ್ಲಿ ಪರೀಕ್ಷಿಸಿ, ಬಹುಮಾನಕ್ಕೆ ಅವರ ಮಿದುಳಿನ ಪ್ರತಿಕ್ರಿಯೆ ಆಗಲೇ ಮಂದವಾಗಿರುವುದನ್ನು 2010ರಲ್ಲಿ ವರದಿ ಮಾಡಿತು. ಇನ್ನೊಂದೆಡೆ, ನೆನಪಿಗೆ ಅತ್ಯಗತ್ಯವಾದ ಹಿಪ್ಪೋಕ್ಯಾಂಪಸ್ಸಿನ ಗಾತ್ರದ ಕತೆ ಬೇರೆ. 1,728 ರೋಗಿಗಳನ್ನೂ 7,199 ಆರೋಗ್ಯವಂತರನ್ನೂ ಒಳಗೊಂಡು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆಯಲ್ಲಿ ಅದು ಕುಗ್ಗಿದ್ದುದು ಖಿನ್ನತೆ ಮರುಕಳಿಸಿದವರಲ್ಲಿ, ಮೊದಲ ಸಲ ಬಂದವರಲ್ಲಿ ಅಲ್ಲ. ಒಂದಿಷ್ಟು ಹುಟ್ಟಿನಿಂದಲೋ ಬಾಲ್ಯದಿಂದಲೋ ಬಂದದ್ದು, ಒಂದಿಷ್ಟು ರೋಗವೇ ಸೇರಿಸಿದ್ದು ಎನ್ನುವುದು ಸದ್ಯಕ್ಕೆ ಹೆಚ್ಚು ಒಪ್ಪುವ ಮಾತು.

ಚೇತರಿಸಿಕೊಂಡ ಎಲ್ಲರಿಗೂ ಖಿನ್ನತೆ ಮರುಕಳಿಸುವುದಿಲ್ಲವಲ್ಲ, ಮರುಕಳಿಸದವರಲ್ಲಿ ಏನು ಬೇರೆ? ಟೊರಾಂಟೊದಲ್ಲಿ ನಾರ್ಮನ್ ಫಾರ್ಬ್, ಝಿಂಡೆಲ್ ಸೀಗಲ್ ಮತ್ತಿತರರು ಚೇತರಿಸಿಕೊಂಡ 16 ಮಂದಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿ, ಮಿದುಳಿನ ಪ್ರತಿಕ್ರಿಯೆಯನ್ನು ದಾಖಲಿಸಿ, ಬಳಿಕ 18 ತಿಂಗಳು ಅವರ ಬೆನ್ನು ಬಿಡದೆ ಗಮನಿಸಿದರು. ತನ್ನ ಬಗ್ಗೆಯೇ ಮೆಲುಕು ಹಾಕುವುದಕ್ಕೆ ಸಂಬಂಧಿಸಿದ ಮುಂಭಾಗದ ಒಳಮಗ್ಗುಲು ಹೆಚ್ಚು ಚಟುವಟಿಕೆ ತೋರಿಸಿದವರಲ್ಲಿ ಮರುಕಳಿಕೆ ಹೆಚ್ಚಾಗಿತ್ತು. ದುಃಖದ ಹೊತ್ತಿನಲ್ಲೂ ಹಿಂಭಾಗದ ದೃಷ್ಟಿ ಕೇಂದ್ರಗಳು ಚುರುಕಾಗಿದ್ದವರು ಆರೋಗ್ಯವಾಗಿ ಉಳಿದರು. ದುಃಖದ ದೃಶ್ಯವನ್ನು ಸುಮ್ಮನೆ ನೋಡುವುದಕ್ಕೂ ಅದನ್ನು ತನ್ನ ಕತೆಯನ್ನಾಗಿ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಇದು ಎಂದು ಸಂಶೋಧಕರು ಅರ್ಥೈಸಿದರು. ಯೋಚನೆಯನ್ನು ಯೋಚನೆಯಾಗಿಯೇ ಗಮನಿಸಲು ಕಲಿಸುವ, ಮರುಕಳಿಕೆ ತಡೆಯಲೆಂದೇ ಸೀಗಲ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಸಾವಧಾನತೆ ಆಧಾರಿತ ಚಿಕಿತ್ಸೆ ಇದೇ ಅಂತರವನ್ನು ಅಭ್ಯಾಸದಿಂದ ಹಿಗ್ಗಿಸಲು ಯತ್ನಿಸುತ್ತದೆ.

16 ಜನರ ಅಧ್ಯಯನ ಎಷ್ಟು ಭಾರ ಹೊರಬಲ್ಲದು ಎಂದು ಓದುಗರು ಕೇಳಿದರೆ ಅದು ನ್ಯಾಯವೇ. ಈ ಕ್ಷೇತ್ರದ ಬಹುತೇಕ ಪ್ರಯೋಗಗಳು ಸಣ್ಣವು, ವಿಧಾನಗಳು ಬೇರೆ ಬೇರೆ. ಖಿನ್ನತೆಯ ಕುರಿತಾದ 99 ಸ್ಕ್ಯಾನ್ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ವಿಶ್ಲೇಷಣೆಯೊಂದಕ್ಕೆ ಎಲ್ಲವೂ ಒಮ್ಮತದಿಂದ ಬೆರಳು ಮಾಡುವ ಜಾಗವೊಂದೂ ಮಿದುಳಿನಲ್ಲಿ ಸಿಗಲಿಲ್ಲ. ಮೇಲೆ ಹೇಳಿದ್ದೆಲ್ಲವೂ ಗುಂಪುಗಳ ಸರಾಸರಿಯ ಮಾತು. ಆರೋಗ್ಯವಂತರ ಮತ್ತು ಚೇತರಿಸಿಕೊಂಡವರ ಅಳತೆಗಳು ಸಾಕಷ್ಟು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದಲೇ ಒಬ್ಬ ವ್ಯಕ್ತಿಗೆ ಔಷಧವನ್ನು ಯಾವಾಗ ನಿಲ್ಲಿಸಬಹುದೆಂದು ಹೇಳಲು ವೈದ್ಯರು ಸ್ಕ್ಯಾನ್ ಮಾಡಿಸುವುದಿಲ್ಲ. ಖಿನ್ನತೆ ಹಿಂದೆ ಎಷ್ಟು ಸಲ ಬಂದಿತ್ತು, ಎಷ್ಟು ತೀವ್ರವಾಗಿತ್ತು, ನಿದ್ದೆಯ ತೊಂದರೆಯಂಥ ಲಕ್ಷಣಗಳು ಇನ್ನೂ ಉಳಿದಿವೆಯೇ ಎಂದು ವಿಚಾರಿಸುತ್ತಾರೆ. ಲಕ್ಷಣಗಳು ಮಾಯವಾದ ಮೇಲೂ ಕನಿಷ್ಠ ಆರು ತಿಂಗಳು ಚಿಕಿತ್ಸೆ ಮುಂದುವರಿಸಲು ಹೇಳುತ್ತಾರೆ, ಪದೇ ಪದೇ ಮರುಕಳಿಸಿದ್ದರೆ ಇನ್ನೂ ಹೆಚ್ಚು ಕಾಲ.