ಡಾಕಿಂಗ್ ಅಂದರೇನು?

ಮುಂಬೈ ಕನ್ನಡಿಗರಿಗೆ ಈ ಪದ ಪೂರ್ತಿ ಹೊಸದಲ್ಲ. ಮಂಗಳೂರಿನಲ್ಲಿ ಧಕ್ಕೆ, ಇಲ್ಲಿ ಭಾವೂಚಾ ಧಕ್ಕಾ, ಸಸೂನ್ ಡಾಕ್. ಎಲ್ಲವೂ ದೋಣಿ, ಹಡಗು ಬಂದು ತಗಲುವ ಜಾಗಗಳೇ. ಬಾಹ್ಯಾಕಾಶದಲ್ಲಿ ಡಾಕಿಂಗ್ ಅಂದರೆ ಎರಡು ನೌಕೆಗಳು ಹತ್ತಿರ ಬಂದು, ಒಂದನ್ನೊಂದು ಗಟ್ಟಿಯಾಗಿ ಹಿಡಿದು, ಒಂದೇ ನೌಕೆಯಾಗುವುದು.

ಆದರೆ ಧಕ್ಕೆ ನಿಂತಲ್ಲೇ ಇರುತ್ತದೆ. ಮೇಲೆ, ಭೂಮಿಗೆ ಹತ್ತಿರದ ಕಕ್ಷೆಯಲ್ಲಿ, ಎರಡೂ ನೌಕೆಗಳು ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ದಾದರ್ ದಾಟಿದ ಮೇಲೆ ಪಕ್ಕದ ಹಳಿಯಲ್ಲಿ ಇನ್ನೊಂದು ಲೋಕಲ್ ನಮ್ಮ ಜೊತೆಗೇ ಓಡುತ್ತದಲ್ವಾ? ಎರಡರ ವೇಗ ಒಂದೇ ಆದ ಕ್ಷಣ, ಆ ಬಾಗಿಲಲ್ಲಿ ನಿಂತವನು ಅಲ್ಲಾಡದೆ ನಿಂತ ಹಾಗೆ ಕಾಣುತ್ತಾನೆ. ಅವನ ವಾಚಿನ ಮುಳ್ಳು ಕೂಡ ಕಾಣುತ್ತದೆ. ಡಾಕಿಂಗ್‌ಗೆ ಬೇಕಾದದ್ದು ಆ ಕ್ಷಣವೇ.

ಅಲ್ಲಿಗೆ ತಲುಪುವ ದಾರಿ ನನಗೆ ಇವತ್ತಿಗೂ ಬೆರಗು. ಮುಂದಿರುವ ನೌಕೆಯನ್ನು ಹಿಡಿಯಲು ಸುಮ್ನೆ ವೇಗ ಜಾಸ್ತಿ ಮಾಡಿದರೆ ಕಕ್ಷೆ ಮೇಲೇರುತ್ತದೆ, ಸುತ್ತು ದೊಡ್ಡದಾಗುತ್ತದೆ, ನಾವು ಇನ್ನೂ ಹಿಂದೆ ಬೀಳುತ್ತೇವೆ. ಅದಕ್ಕೇ ಮೊದಲು ವೇಗ ತಗ್ಗಿಸಿ ಕೆಳಗಿಳಿಯಬೇಕು. ಕೆಳಗಿನ ಸುತ್ತು ಚಿಕ್ಕದು, ಬೇಗ ಮುಗಿಯುತ್ತದೆ. ಹಾಗೆ ಸಮೀಪ ಬಂದು, ಮತ್ತೆ ಮೇಲೇರಬೇಕು.

1966ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಜೆಮಿನಿ 8ರಲ್ಲಿ ಇದನ್ನು ಮೊದಲು ಮಾಡಿದರು. ನಮ್ಮ ಇಸ್ರೋ 2025ರ ಜನವರಿ 16ರಂದು, ಸ್ಪೇಡೆಕ್ಸ್ ಎಂಬ ಡಾಕಿಂಗ್ ಪ್ರಯೋಗದಲ್ಲಿ. ತಲಾ 220 ಕಿಲೋ ತೂಕದ ಎರಡು ಉಪಗ್ರಹಗಳು. ಕೆಲವು ದಿನ ಮೊದಲು 3 ಮೀಟರ್ ಹತ್ತಿರದವರೆಗೆ ತಂದು, ಅವಸರ ಮಾಡದೆ ಮತ್ತೆ ದೂರ ಸರಿಸಿದ್ದರು. ಆ ತಾಳ್ಮೆ ದೊಡ್ಡದು.

ಇಷ್ಟೆಲ್ಲ ಯಾಕೆ ಬೇಕು? ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವವರಿಗೆ ಉತ್ತರ ಕರ್ಜತ್‌ನಲ್ಲೇ ಸಿಗುತ್ತದೆ. ವಡಾಪಾವ್ ಕೈಗೆ ಬರುವಷ್ಟರಲ್ಲಿ ಹಿಂದಿನಿಂದ ಬ್ಯಾಂಕರ್ ಇಂಜಿನ್ ಬಂದು ತಗಲುತ್ತದೆ, ಬೋಗಿ ಸಣ್ಣಗೆ ಜಗ್ಗುತ್ತದೆ. ಭೋರ್ ಘಾಟ್ ಹತ್ತಲು ಮುಂದಿನ ಇಂಜಿನ್ ಒಂದೇ ಸಾಲದು.

2020ರಲ್ಲಿ ಬಾಹ್ಯಾಕಾಶದಲ್ಲೂ ಹೀಗೇ ಆಯಿತು. 2001ರಲ್ಲಿ ಹಾರಿದ್ದ ಇಂಟೆಲ್‌ಸ್ಯಾಟ್ 901 ಎಂಬ ಸಂಪರ್ಕ ಉಪಗ್ರಹದ ಇಂಧನ ಮುಗಿಯುತ್ತಾ ಬಂದಿತ್ತು. ಎಂಇವಿ-1 ಎಂಬ ನೌಕೆ ಅದರ ಹಿಂಬದಿಗೆ ತಗಲಿಕೊಂಡು, ತನ್ನದೇ ಇಂಜಿನ್‌ನಿಂದ ಅದನ್ನು ಮತ್ತೆ ಐದು ವರ್ಷ ನಡೆಸಿತು. ಬಿಸಾಡಬೇಕಿದ್ದ ಉಪಗ್ರಹ ಕೆಲಸಕ್ಕೆ ಮರಳಿತು.

ಮುಂದಿರುವುದು ಚಂದ್ರನ ಮಣ್ಣನ್ನು ಭೂಮಿಗೆ ತರುವ ಇಸ್ರೋದ ಚಂದ್ರಯಾನ-4. ಅದರ ಐದು ಭಾಗಗಳು ಒಂದೇ ರಾಕೆಟ್‌ಗೆ ಭಾರ. ಹಾಗಾಗಿ ಎರಡು ರಾಕೆಟ್‌ಗಳಲ್ಲಿ ಕಳಿಸಿ, ಮೇಲೆ ಜೋಡಿಸುವ ಯೋಜನೆ. ಆಮೇಲೆ, ಮಣ್ಣು ಹೊತ್ತು ಚಂದ್ರನ ನೆಲದಿಂದ ಏಳುವ ಭಾಗ, ಕಕ್ಷೆಯಲ್ಲಿ ಕಾಯುತ್ತಿರುವ ಇನ್ನೊಂದು ಭಾಗಕ್ಕೆ ಬಂದು ಸೇರಬೇಕು. ಅಲ್ಲಿಗೆ ಸಂಕೇತ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಕೊನೆಯ ಆ ಕೆಲವು ಮೀಟರ್ ದೂರವನ್ನು ನೌಕೆಗಳು ತಾವೇ ನೋಡಿ, ತಾವೇ ಅಳೆದು ದಾಟಬೇಕು.