ಘಾಟಿಯಲ್ಲಿ ಸುಟ್ಟ ವಾಸನೆ ಬಂತು, ಕ್ಲಚ್ ಹೋಯ್ತಾ?

ಪ್ರಶ್ನೆ: ಉಡುಪಿಯಿಂದ ಬರುವಾಗ ಆಗುಂಬೆ ಘಾಟಿಯಲ್ಲಿ ಗಾಡಿಗಳೆಲ್ಲ ನಿಂತು ನಿಂತು ಹತ್ತುತ್ತಿದ್ದವು. ಮೇಲೆ ತಲುಪುವಷ್ಟರಲ್ಲಿ ಕಾರಿನೊಳಗೆ ಸುಟ್ಟ ವಾಸನೆ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಹಾಕಿಸಿ ಅಂತಾರೆ. ಹಾಕಿಸಲೇಬೇಕಾ?

ಒಂದು ಸಲ ವಾಸನೆ ಬಂದ ಮಾತ್ರಕ್ಕೆ ಬೇಡ. ಆ 14 ತಿರುವುಗಳಲ್ಲಿ ಹಾಫ್ ಕ್ಲಚ್‌ನಲ್ಲೇ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ ಗಾಡಿ ನಿಲ್ಲಿಸಿಕೊಂಡು ಹತ್ತಿದರೆ ಪ್ಲೇಟ್ ಫ್ಲೈವೀಲ್‌ಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಉಜ್ಜಿ ಕಾಯುತ್ತದೆ, ಪ್ಲೇಟಿನ ಮೇಲಿನ ಹಿಡಿತದ ಪದರ, ಅಂದರೆ ಲೈನಿಂಗ್, ವಾಸನೆ ಹೊಡೆಯುತ್ತದೆ. ತಣ್ಣಗಾದ ಮೇಲೆ ಎಷ್ಟೋ ಸಲ ಏನೂ ಆಗದ ಹಾಗೆ ಓಡುತ್ತದೆ. ಸವೆದಿರುತ್ತದೆ, ಆದರೆ ಮುಗಿದಿರುವುದಿಲ್ಲ.

ಮುಗಿದಿದೆಯಾ ಅಂತ ನೀವೇ ನೋಡಬಹುದು. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಜೋರಾಗಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಗಿ, ಎಂಜಿನ್ ಕಿರುಚಿ, ಸ್ಪೀಡ್ ಮಾತ್ರ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಒಟ್ಟಿಗೆ ನಿಧಾನಕ್ಕೆ ಏರಿದರೆ ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ.

ಜಾರಿದರೂ, ಪ್ಲೇಟ್ ಬದಲಿಸಲು ತಕ್ಷಣ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಕ್ಲಚ್‌ಗೆ ಕೇಬಲ್ ಇರುವ ಗಾಡಿಯಾದರೆ ಪೆಡಲ್‌ನಲ್ಲಿ ಸ್ವಲ್ಪ ಆಟ (ಒತ್ತಲು ಶುರು ಮಾಡಿದಾಗಿನ ಸಡಿಲ) ಇದೆಯಾ ಮೊದಲು ನೋಡಿಸಿ, ಕೇಬಲ್ ಬಿಗಿ ಜಾಸ್ತಿಯಾದರೆ ಕ್ಲಚ್ ಪೂರ್ತಿ ಹಿಡಿಯುವುದೇ ಇಲ್ಲ. ಎಂಜಿನ್ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದರೂ ಇದೇ ಕಥೆ. ಆ ಸೀಲ್ ಬಿಟ್ಟು ಬರೀ ಪ್ಲೇಟ್ ಹಾಕಿಸಿದರೆ ಹೊಸದೂ ಹಾಳು.

ಗೇರ್ ಬೀಳುವುದೇ ಕಷ್ಟ, ರಿವರ್ಸ್ ಹಾಕುವಾಗ ಕರಕರ ಅನ್ನುತ್ತದೆ ಅಂದರೆ ಇದರ ಉಲ್ಟಾ ತೊಂದರೆ: ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಆದರೆ ಫ್ಲೂಯಿಡ್ ಕಮ್ಮಿಯಾಗಿರಬಹುದು, ಲೈನಿನಲ್ಲಿ ಗಾಳಿ ಸೇರಿರಬಹುದು. ಬಹಳ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಹಾಗಾಗಿ ಮಟ್ಟ ಇಳಿದರೆ ಸುಮ್ನೆ ತುಂಬಿಸಿ ಬಿಡಬೇಡಿ, ಎಲ್ಲಿ ಸೋರುತ್ತಿದೆ ನೋಡಿಸಿ. ಪೆಡಲ್ ಒತ್ತಿದಾಗ ಮಾತ್ರ ಗುಯ್ಯೆನ್ನುವ ಸದ್ದು ಬಂದರೆ ಮೊದಲ ಅನುಮಾನ ರಿಲೀಸ್ ಬೇರಿಂಗ್ ಮೇಲೆ, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್ ಮೇಲೆ.

ಇನ್ನು ಎಡಗಾಲಿನ ವಿಷಯ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸುವವರ ಪಾದ ಕ್ಲಚ್ ಮೇಲೇ ಮಲಗಿರುತ್ತದೆ, ಅಲ್ವಾ? ಅಷ್ಟು ಭಾರವೇ ಸಾಕು, ಬೇರಿಂಗ್ ಸವೆಯುತ್ತದೆ, ಪ್ಲೇಟಿನ ಹಿಡಿತವೂ ಸಡಿಲವಾಗುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ಹೊರಡುವಾಗ ಕ್ಲಚ್ ಪೆಡಲ್ ನಿಧಾನಕ್ಕೆ ಬಿಡುತ್ತಾ, ಗಾಡಿಯ ಮೂತಿ ಸ್ವಲ್ಪ ಎದ್ದಾಗ ಹ್ಯಾಂಡ್‌ಬ್ರೇಕ್ ಬಿಡಿ. ಮುಂದಿನ ಗಾಡಿ ನಾಲ್ಕು ಮಾರು ಹೋಗಲಿ, ಆಮೇಲೆ ಹೊರಟರಾಯಿತು, ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ಕೊನೆಗೂ ಬದಲಿಸಲೇಬೇಕಾದರೆ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವುದೇ ದೊಡ್ಡ ಕೆಲಸ, ಒಂದು ಬೇರಿಂಗ್‌ಗೋಸ್ಕರ ಇನ್ನೊಂದು ಸಲ ಅದೇ ಕೂಲಿ ಯಾಕೆ ಕೊಡಬೇಕು? ಹಳೇ ಪ್ಲೇಟನ್ನು ಕೇಳಿ ಪಡೆದು ನೋಡಿ: ರಿವೆಟ್ ತಲೆಗಳ ಮಟ್ಟಕ್ಕೆ ಲೈನಿಂಗ್ ಸವೆದಿದ್ದರೆ ಮೆಕ್ಯಾನಿಕ್ ಹೇಳಿದ್ದು ಸರಿ.